ಒಂದು ಗಂಟೆಯ ತಗ್ಗು

ಹದಿನೇಳನೆಯ ಸೆನ್ಸರನ್ನೂ ವರಲಕ್ಷ್ಮಿ ಮೊನ್ನೆ ಕಿತ್ತು ಕಸದ ಬುಟ್ಟಿಗೆ ಎಸೆದಿದ್ದಳು.

ಕೂದಲಿಗಿಂತ ತೆಳುವಾದ ಪ್ಲಾಟಿನಂ ಎಳೆ. ಉಸಿರು ಬಿಗಿಹಿಡಿದು, ರಬ್ಬರಿನ ಕೃತಕ ರಕ್ತನಾಳದ ಮೇಲೆ ಅದನ್ನು ಕೂರಿಸಲು ಒಂದಿಡೀ ದಿನ ಬೇಕು. ನಾಳದೊಳಗೆ ಹರಿಯುವುದು ಮೂಲೆಯ ತೊಟ್ಟಿಯಿಂದ ಬರುವ, ಮೈಬಿಸಿಯಷ್ಟೇ ಬೆಚ್ಚಗಿನ ನೀರು. ದಿನಾ ಬೆಳಗಿನಿಂದ ದಪ್ಪ ಮಾನಿಟರಿನಲ್ಲಿ ಶಾಖದ ಗೆರೆ ನೆಟ್ಟಗೆ. ಮಧ್ಯಾಹ್ನ ಒಂದಾಯಿತೋ, ಒಂದು ಡಿಗ್ರಿ ಕೆಳಗೆ! ಎರಡೂವರೆಗೆ ಮತ್ತೆ ಸರಿ.

"ನಿಮ್ಮ ಸೆನ್ಸರಿಗೂ ಊಟದ ಹೊತ್ತು ಗೊತ್ತಾಗುತ್ತೆ ಕಣ್ರೀ," ಎಂದ ಪಕ್ಕದ ಮೇಜಿನ ಸಿದ್ಧಾರ್ಥ.

ಅವಳಿಗೆ ನಗು ಬರಲಿಲ್ಲ. ನಾಳೆ ಡಾಕ್ಟರುಗಳು ನೋಡಲು ಬರುತ್ತಾರೆ. ಗೆರೆ ಬಗ್ಗಿದರೆ ಈ ಕೆಲಸ ಸಿದ್ಧಾರ್ಥನಿಗೆ ಎಂದು ಬೈರಯ್ಯನವರು ಹೇಳಿಬಿಟ್ಟಿದ್ದರು. ರಾಜಾಜಿನಗರದ ಆ ಪ್ರಯೋಗಾಲಯದ ಯಜಮಾನರು ಅವರು. ದಿನಾ ಒಂದಕ್ಕೆ ಅವಳನ್ನು ಕೋಣೆಗೆ ಕರೆದು, ಅಂಟು ಸರಿಯಿಲ್ಲ, ಕೈ ಸರಿಯಿಲ್ಲ ಎಂದು ಎರಡೂವರೆವರೆಗೆ ಕೊರೆಯುತ್ತಿದ್ದರು. ಅಲ್ಲಿಂದ ಬಂದು, ಕಂಡದ್ದನ್ನೆಲ್ಲ ಶಪಿಸಿ, ಅವಳು ಊಟಕ್ಕೆ ಕೂರುವಾಗ ಮೂರು. ಅಷ್ಟು ಹೊತ್ತಿಗೂ ಡಬ್ಬಿಯ ಹುಳಿಯನ್ನ ಬೆಚ್ಚಗೇ ಇರುತ್ತಿತ್ತು. ಇಡೀ ದಿನದಲ್ಲಿ ಸರಿಯಾಗಿರುತ್ತಿದ್ದುದು ಅದೊಂದೇ.

"ಬಡವಾಗ್ಬಿಟ್ರಿ ಮೇಡಂ," ಎನ್ನುತ್ತಿದ್ದ ಮುದಿ ಅಟೆಂಡರ್ ಬೆಟ್ಟಯ್ಯ. "ಹೊತ್ಹೊತ್ತಿಗೆ ತಿನ್ನಬಾರ್ದಾ?"

"ಮೊದ್ಲು ಈ ದರಿದ್ರ ಗೆರೆ ನೆಟ್ಟಗಾಗ್ಲಿ, ಬೆಟ್ಟಯ್ಯನೋರೇ."

ಇವತ್ತು ಒಂದಕ್ಕೆ ಬೈರಯ್ಯನವರ ಕೋಣೆಗೆಂದು ಹೊರಟವಳು, ತಾನಿಲ್ಲದಾಗ ಏನಾಗುತ್ತದೋ ನೋಡಲು ಮೆಟ್ಟಿಲ ಬಳಿ ಹತ್ತು ನಿಮಿಷ ನಿಂತು ಹಿಂತಿರುಗಿದಳು. ಹದಿನೆಂಟನೆಯ ಸೆನ್ಸರಿನ ಗೆರೆಯೂ ಆಗಲೇ ಇಳಿಯುತ್ತಿತ್ತು. ಸಿದ್ಧಾರ್ಥ ಒಬ್ಬನೇ ತೊಟ್ಟಿಯ ಪಕ್ಕ ನಿಂತು ಒದ್ದೆ ಕೈ ಒರೆಸಿಕೊಳ್ಳುತ್ತಿದ್ದ. ಅವಳು ತೊಟ್ಟಿಯ ಮುಚ್ಚಳ ಎತ್ತಿದಳು. ಒಳಗೆ ಪ್ಲಾಸ್ಟಿಕ್ ಸುತ್ತಿದ ಏನೋ ಗಂಟು.

"ಕೆಲಸ ಬೇಕಿದ್ರೆ ಕೇಳಿ ತಗೋಬೇಕು ಕಣ್ರೀ, ಹೀಗಲ್ಲ!"

"ಏನ್ರೀ ಅದು? ನಾನು ನಲ್ಲೀಲಿ ಕೈ ತೊಳ್ಕೊಂಡೆ ಅಷ್ಟೇ!"

ಅವಳು ಕೇಳಿಸಿಕೊಳ್ಳಲಿಲ್ಲ. ನೀರು ಸೋರುವ ಗಂಟನ್ನು ಹಾಗೇ ಒಯ್ದು ಬೈರಯ್ಯನವರ ಮೇಜಿನ ಮೇಲೆ ಕುಕ್ಕಿದಳು.

"ನೋಡಿ ಸಾರ್! ತಣ್ಣಗಿರೋದನ್ನ ತಂದು ನೀರಲ್ಲಿ ಮುಳುಗಿಸ್ತಾ ಇದಾರೆ. ಹದಿನೇಳು ಸೆನ್ಸರೂ ಸರಿಯಾಗೇ ಇದ್ವು! ಇದು ಯಾರದೋ ಅವರನ್ನ ಇವತ್ತೇ ಆಚೆ ಕಳಿಸಿ!"

"ಕಳಿಸೋಣ," ಎಂದು ಬೈರಯ್ಯನವರು ಪ್ಲಾಸ್ಟಿಕ್ ಬಿಚ್ಚಿದರು. ಒಳಗಿದ್ದುದು ಸ್ಟೀಲಿನ ಡಬ್ಬಿ. ಕನ್ನಡಕ ಏರಿಸಿ, ಮುಚ್ಚಳದ ಮೇಲೆ ಕೊರೆಸಿದ್ದ ಅಕ್ಷರ ಓದಿದರು. "ಚಿಕ್ಕಗಂಗಮ್ಮ, ಕೆಂಗೇರಿ. ಯಾರಮ್ಮ ಇದು?"

ವರಲಕ್ಷ್ಮಿ ಬಗ್ಗಿ ಮುಚ್ಚಳ ನೋಡಿದಳು. ಅದು ಅವಳ ಅಮ್ಮನ ಹೆಸರು.

ಬಾಗಿಲಲ್ಲಿ ಬೆಟ್ಟಯ್ಯ ಏದುಸಿರು ಬಿಡುತ್ತ ನಿಂತಿದ್ದ. "ಅಯ್ಯೋ, ಇಷ್ಟು ಬೇಗ ಯಾಕೆ ತೆಗೆದ್ರಿ ಮೇಡಂ? ಈಗ ತಾನೇ ಇಟ್ಟೆ, ಅನ್ನ ಇನ್ನೂ ಬೆಚ್ಚಗಾಗಿರಲ್ಲ."