ಮೊಟ್ಟೆ ಬೀಳಬಾರದು

"ಒಂದೇ ಒಂದು ಮೊಟ್ಟೆ ಬಿದ್ರೂ ನಾನು ಸುಮ್ನಿರಲ್ಲ, ಈಗ್ಲೇ ಹೇಳಿದೀನಿ!" ಎವಾರಿಸ್ತೊ ಬೆರಳೆತ್ತಿ ಗದರಿಸಿದ. "ಹಿಟ್ಟೂ ಬೇಡ, ಬಣ್ಣಾನೂ ಬೇಡ. ಪರೀಕ್ಷೆ ಮುಗಿಸ್ತೀನಿ, ಬಸ್ ಹಿಡೀತೀನಿ, ಮನೆಗೆ ಹೋಗ್ತೀನಿ. ಅಷ್ಟೇ."

ಮೆಟ್ಟಿಲ ಮೇಲೆ ಕೂತು ಮಾಟೆ ಕಷಾಯ ಹೀರುತ್ತಿದ್ದ ಮಿಕಾಯೆಲಾ ನಕ್ಕಳು. ಅವಳಿಗೆ ಇಪ್ಪತ್ತಮೂರು, ಎವಾರಿಸ್ತೊಗೆ ಐವತ್ತೆಂಟು. ಇಬ್ಬರೂ ಒಂದೇ ತರಗತಿ. "ಆಯ್ತು ಮಾಮ, ನಿನ್ನ ತಲೆ ಮೇಲೆ ಒಂದು ಚಿಟಿಕೆ ಉಪ್ಪೂ ಬೀಳಲ್ಲ. ಎಲ್ಲರಿಗೂ ಹೇಳಿದೀನಿ. ಮೊದ್ಲು ಪಾಸಾಗು ಹೋಗು."

ರೊಸಾರಿಯೊ ನಗರದ ಆ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಎವಾರಿಸ್ತೊ ಇಪ್ಪತ್ತಾರು ವರ್ಷದಿಂದ ಜವಾನ. ಅದರಲ್ಲಿ ಹನ್ನೊಂದು ವರ್ಷ ವಿದ್ಯಾರ್ಥಿಯೂ ಹೌದು. ಪಾಳಿ ಮುಗಿಸಿ, ಪೊರಕೆಯನ್ನು ಮೂಲೆಗಿಟ್ಟು, ತಾನೇ ಗುಡಿಸಿದ ಕೋಣೆಯ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದ. ಇವತ್ತಿನದು ಕಟ್ಟಕಡೆಯ ವಿಷಯ. ಇದರಲ್ಲೇ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದ. ಈ ಸಲವೂ ಹೋದರೆ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಎಸೆದುಬಿಡುತ್ತೇನೆಂದು ತನಗೆ ತಾನೇ ಆಣೆ ಇಟ್ಟುಕೊಂಡಿದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲ, ಪಾಪ.

ಇನ್ನು ಮೊಟ್ಟೆಯ ಮೇಲೆ ಅವನಿಗಿದ್ದ ಸಿಟ್ಟಂತೂ ಕಾಲೇಜಿಗೆಲ್ಲ ಗೊತ್ತು. ಕೊನೆಯ ಪರೀಕ್ಷೆ ಪಾಸಾಗಿ ಹೊರಗೆ ಬಂದವರ ತಲೆ ಮೇಲೆ ಗೆಳೆಯರು ಮೊಟ್ಟೆ ಒಡೆದು ಹಿಟ್ಟು ಸುರಿಯದೆ ಬಿಡುವುದಿಲ್ಲ. ಹೇಗೂ ಹಾಳಾಗುತ್ತದೆಂದು ಆ ದಿನ ಎಲ್ಲರೂ ಮನೆಯಲ್ಲಿರುವ ಅತಿ ಹಳೇ ಬಟ್ಟೆಯನ್ನೇ ಹುಡುಕಿ ಹಾಕಿಕೊಂಡು ಬರುತ್ತಾರೆ. ಅವರು ಕುಣಿದು ಹೋದಮೇಲೆ ಆ ಗಲೀಜು ಬಳಿದು ತೊಳೆಯುವವನು ಎವಾರಿಸ್ತೊ. ಡಿಸೆಂಬರಿನ ಕಡುಬೇಸಿಗೆಯ ಬಿಸಿಲಿಗೆ ಮೊಟ್ಟೆ ಕಲ್ಲಿಗೆ ಅಂಟಿಕೊಂಡರೆ ಕೆರೆದು ತೆಗೆಯಬೇಕು. ಜೊತೆ ಕೆಲಸದ ಜುಲೆಮಾ ಸೇರಿದ ಮೊದಲ ವಾರ, ಕಲೆ ಬೇಗ ಹೋಗಲೆಂದು ಬಿಸಿನೀರು ಹೊಯ್ದು ಮೆಟ್ಟಿಲ ತುಂಬ ಆಮ್ಲೆಟ್ ಹಾಕಿಬಿಟ್ಟಿದ್ದಳು. "ತಣ್ಣೀರು ಕಣಮ್ಮಾ, ತಣ್ಣೀರು!" ಎಂದು ಅವತ್ತು ಎವಾರಿಸ್ತೊ ತಲೆ ತಲೆ ಚಚ್ಚಿಕೊಂಡಿದ್ದ.

ಇವತ್ತಿನ ಪಾಳಿ ಜುಲೆಮಾಳದು. ಬಾಗಿಲಲ್ಲಿ ಪೊರಕೆ ಹಿಡಿದು ನಿಂತವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕಾಲರ್ ಹರಿದ, ಸುಣ್ಣದ ಕಲೆಯಾದ ಅಂಗಿ, ಎರಡು ಗುಂಡಿ ಇಲ್ಲ.

"ಏನಪ್ಪಾ ಇದು ವೇಷ? ಪ್ರೊಫೆಸರ್ ಮುಂದೆ ಇದರಲ್ಲೇ ಹೋಗ್ತೀಯಾ?"

"ಸೆಖೆ ಅಲ್ವಾ..." ಎವಾರಿಸ್ತೊ ಬೇರೆ ಕಡೆ ನೋಡಿದ. "ಒಳ್ಳೇದು ಒಗೆಯೋಕೆ ಹಾಕಿದೀನಿ. ನೀನೇನೂ ಚಿಂತೆ ಮಾಡ್ಬೇಡ, ನಿನ್ನ ಮೆಟ್ಟಿಲು ಗಲೀಜಾಗಲ್ಲ. ಎಲ್ಲರಿಗೂ ತಾಕೀತು ಮಾಡಿದೀನಿ."

ಒಳಗೆ ಪ್ರೊಫೆಸರ್ ಅರಿಸ್ತಿ ತಂತಿಯ ಬುಟ್ಟಿ ತಿರುಗಿಸಿದರು. ಅದರೊಳಗಿನ ಮರದ ಗುಂಡುಗಳ ಮೇಲೆ ಒಂದೊಂದು ಪಾಠದ ಸಂಖ್ಯೆ. ಕೈಗೆ ಬಂದ ಗುಂಡಿನ ಪಾಠವನ್ನು ಬಾಯಲ್ಲೇ ಹೇಳಬೇಕು, ಅದೇ ಪರೀಕ್ಷೆ. ಎವಾರಿಸ್ತೊಗೆ ಬಂದದ್ದು ಒಂಬತ್ತು, ಎರಡು ಸಲವೂ ಅವನನ್ನು ಮುಳುಗಿಸಿದ್ದ ಅದೇ ಗೋಧಿ ರಫ್ತಿನ ಪಾಠ. ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು ಶುರು ಮಾಡಿದ. ಮೊದಲೆರಡು ಮಾತು ತಡವರಿಸಿತು, ಆಮೇಲೆ ಇಸವಿ, ಬಂದರು, ರೈಲು, ಕೂಲಿ ಎಲ್ಲ ಒಂದರ ಹಿಂದೊಂದು ಬಂದವು. ನಿಲ್ಲಿಸುವುದೇ ಮರೆತುಹೋಯಿತು.

ಪ್ರೊಫೆಸರು ಜೇಬಿನಿಂದ ತಮ್ಮ ಕೀಲಿಕೈ ಗೊಂಚಲು ತೆಗೆದು ಗಲಗಲ ಅಲ್ಲಾಡಿಸಿದರು. "ಇಷ್ಟು ವರ್ಷ ಬೀಗ ಹಾಕೋ ಹೊತ್ತಾಯ್ತು ಅಂತ ಬಾಗಿಲಲ್ಲಿ ನಿಂತು ಹೀಗೆ ಮಾಡಿ ನನ್ನ ಪಾಠ ನಿಲ್ಲಿಸ್ತಿದ್ರಿ. ಇವತ್ತು ನನ್ನ ಸರದಿ, ಸಾಕು ಮಾಡಿ ಎವಾರಿಸ್ತೊ. ಹತ್ತಕ್ಕೆ ಎಂಟು. ಹೋಗಿ, ನಿಮ್ಮ ಓದು ಮುಗೀತು."

ಎವಾರಿಸ್ತೊ ಹೊರಗೆ ಬಂದ. ಮೆಟ್ಟಿಲ ಕೆಳಗೆ ಮಿಕಾಯೆಲಾ, ಅವಳ ಹಿಂದೆ ಇಪ್ಪತ್ತು ಮೂವತ್ತು ಜನ. ಅವನು ಎಂಟು ಬೆರಳು ಎತ್ತಿ ತೋರಿಸಿದ. ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು, ಕೂಗಿದರು, ಕೆನ್ನೆಗೆ ಮುತ್ತು ಕೊಟ್ಟರು. ಆದರೆ ಹೇಳಿದ ಮಾತಿಗೆ ತಪ್ಪದ ಮಕ್ಕಳು, ಒಬ್ಬರ ಕೈಯಲ್ಲೂ ಏನೂ ಇರಲಿಲ್ಲ. ಚಪ್ಪಾಳೆ ನಿಂತಿತು. ಮೆಟ್ಟಿಲು ಫಳಫಳ ಹೊಳೆಯುತ್ತಿತ್ತು.

"ಒಳ್ಳೇದಾಯ್ತು," ಎಂದ ಎವಾರಿಸ್ತೊ. ಅವರ ಖಾಲಿ ಕೈಗಳನ್ನೇ ನೋಡಿದ. "ಒಳ್ಳೇ ಕೆಲ್ಸ ಮಾಡಿದ್ರಿ. ಹಾಗಾದ್ರೆ... ಬರ್ಲಾ ನಾನು?" ಅಂದನೇ ಹೊರತು ಕಾಲು ಕೀಳಲಿಲ್ಲ.

"ಎಲ್ಲಿಗ್ಹೋಗ್ತೀಯಾ? ನಿಲ್ಲು!"

ಜುಲೆಮಾ ಪೊರಕೆಯನ್ನು ಗೋಡೆಗೆ ಒರಗಿಸಿ ಬಂದಳು. ಏಪ್ರನ್ ಜೇಬಿಗೆ ಎರಡೂ ಕೈ ಹಾಕಿ ಹೊರತೆಗೆದಳು. ಒಂದೊಂದು ಕೈಯಲ್ಲಿ ಒಂದೊಂದು ಮೊಟ್ಟೆ.

"ಏ, ನಾನು ಹೇಳಿರ್ಲಿಲ್ವಾ..."

"ನೀನು ಹೇಳಿದ್ದು ಕೇಳಿಸ್ಕೊಂಡೆ ಮಾರಾಯ, ನಿನ್ನ ಅಂಗಿ ಹೇಳಿದ್ದೂ ಕೇಳಿಸ್ಕೊಂಡೆ," ಎಂದಳು ಜುಲೆಮಾ. "ತಣ್ಣೀರು ಆಗ್ಲೇ ಎರಡು ಬಕೆಟ್ ತುಂಬಿಟ್ಟಿದೀನಿ. ಕನ್ನಡಕ ತೆಗಿ."

ಎವಾರಿಸ್ತೊ ಕನ್ನಡಕ ತೆಗೆದು ಮಿಕಾಯೆಲಾಳ ಕೈಗೆ ಕೊಟ್ಟು, ತಲೆ ಬಗ್ಗಿಸಿ ನಿಂತ.