ಬಚ್ಚಲ ಗೂಡಿನ ತಟ್ಟೆ

ಮದುವೆಯಾದ ಎರಡನೇ ತಿಂಗಳಿಗೇ ಅವಳಿಗೆ ಉರಿಮೂತ್ರ, ಬಿಳಿಸೆರಗು ಶುರುವಾಯಿತು. ಅತ್ತೆ ಅವಳ ತಟ್ಟೆ ಲೋಟವನ್ನು ಬಚ್ಚಲ ಗೂಡಿಗೆ ಸರಿಸಿದರು.

"ತವರಿಂದ ಏನು ಹೊತ್ಕೊಂಡು ಬಂದ್ಯೋ! ನನ್ನ ಮಗನಿಗೆ ಅಂಟಿಸ್ಬೇಡ."

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. "ಇದು ತಟ್ಟೆಯಿಂದ ಬರಲ್ಲಮ್ಮ, ಹಾಸಿಗೆಯಿಂದ ಬರೋದು. ಇಬ್ರೂ ಪೂರ್ತಿ ಕೋರ್ಸ್ ಮುಗಿಸ್ಬೇಕು. ಅಲ್ಲೀತನಕ ಸೇರ್ಬೇಡಿ, ಆಮೇಲೂ ಕಾಂಡೋಮ್ ಇರ್ಲಿ."

ಮನೆಗೆ ಬಂದು ಹೇಳಿದರೆ ಗಂಡ ನಕ್ಕುಬಿಟ್ಟ. "ನಿನ್ನ ರೋಗಕ್ಕೆ ನಾನ್ಯಾಕೆ ಮಾತ್ರೆ ನುಂಗ್ಲಿ? ನಿಮ್ಮಮ್ಮನ್ನ ಕೇಳು, ಮದುವೆಗೆ ಮುಂಚೆ ಏನ್ ಮಾಡ್ಕೊಂಡಿದ್ದೆ ಅಂತ."

ಅವಳು ತನ್ನ ಪಾಲಿನ ಮಾತ್ರೆ ನುಂಗಿ, ಲೋಟವನ್ನು ಬಚ್ಚಲ ಗೂಡಿಗಿಟ್ಟಳು.

ಭಾನುವಾರ ನಾದಿನಿಯ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಅವಳು ಬಚ್ಚಲ ಗೂಡಿನ ತಟ್ಟೆಯನ್ನು ತೊಳೆದು ತಂದು ಗಂಡನ ಮುಂದಿಟ್ಟಳು.

"ಥೂ, ಅವನಿಗ್ಯಾಕೆ ಅದು?" ಅತ್ತೆ ಕೂಗಿದರು.

"ಅವರದೇ, ಅತ್ತೆ. ಇಷ್ಟು ದಿನ ತಪ್ಪಿ ನನಗೆ ಹಾಕ್ತಿದ್ರಿ."

ಗಂಡನ ಶೇವಿಂಗ್ ಡಬ್ಬಿಯ ತಳದಲ್ಲಿ ಸಿಕ್ಕಿದ್ದ, ಅರ್ಧದಷ್ಟು ಮಾತ್ರೆಗಳು ಹಾಗೇ ಉಳಿದಿದ್ದ ಸ್ಟ್ರಿಪ್ಪನ್ನು ತಟ್ಟೆಗೆ ಹಾಕಿ, ಅದಕ್ಕೆ ಸುತ್ತಿದ್ದ ಚೀಟಿಯನ್ನು ಅತ್ತೆಯ ಕೈಗೆ ಕೊಟ್ಟಳು.

ಅತ್ತೆ ಬಿಡಿಸಿ ಓದಿದರು: ಮಗನ ಹೆಸರು, ಸೊಸೆಗೆ ಬರೆದುಕೊಟ್ಟಿದ್ದ ಅದೇ ಮಾತ್ರೆ, ಮದುವೆಗೆ ಒಂದು ವಾರ ಮುಂಚಿನ ತಾರೀಖು.