ಆರನೆಯ ಗೆಡ್ಡೆ

ಗೌರಿಹೂವಿನ ಬಳ್ಳಿ ಒಣಗಿದ ಮೇಲೆ ಗೆಡ್ಡೆ ಕಿತ್ತು, ಮುಂದಿನ ಮಳೆಯವರೆಗೆ ಮರಳಿನಲ್ಲಿ ಹೂತಿಡುವುದು ಆ ಮನೆಯ ಪದ್ಧತಿ. ಹೂವು ಗೌರಮ್ಮನ ಪೂಜೆಗೆ. ಗೆಡ್ಡೆ ಬರೀ ವಿಷ.

ಈ ಸಲ ಅಗೆದವಳು ಸೊಸೆ. ಗಂಡನಿಗೆ ಅವಳದು ಎರಡನೆಯ ಸಂಬಂಧ. ಮೊದಲನೆಯವಳು ಜ್ವರ ಬಂದು ಹೋದಳೆಂದು ಹೇಳಿದ್ದರು. ಗಂಡ ಹೊಡೆದರೆ ಈಚೆಗೆ ಇವಳಿಗೆ ನೋವೂ ಆಗುತ್ತಿರಲಿಲ್ಲ.

"ಎಷ್ಟವೆ?" ಮರಳಿನ ಮಡಕೆ ತಂದಿಟ್ಟು ಅತ್ತೆ ಕೇಳಿದಳು.

"ಐದು, ಅತ್ತೆಮ್ಮ."

"ಆರು ಬಳ್ಳಿ ಎದ್ದಿದ್ವಲ್ಲ?"

"ಒಂದು ಕೊಳ್ತೋಗಿತ್ತು. ಎಸೆದ್ಬಿಟ್ಟೆ."

ಅತ್ತೆ ಐದನ್ನೂ ಹೂತು, ಪಕ್ಕದಲ್ಲಿ ಇನ್ನೊಂದು ಗುಳಿ ಮಾಡಿದಳು. ಸೊಸೆಯ ಮುಖ ನೋಡದೆ ಅಂಗೈ ಚಾಚಿದಳು.

"ನಿನಗಿಂತ ಮೊದ್ಲು ಬಂದಿದ್ದೋಳೂ ಕೊಳ್ತೋಗಿತ್ತು ಅಂತ್ಲೇ ಅಂದಿದ್ಲು. ಕೊಡವ್ವ."